ಚಹಾಂಶ ಮೀಮಾಂಸೆ: ಸ್ಟಾಫ್‌ರೂಮ್ ಪಾನೀಯ ವೆಚ್ಚ ಹಂಚಿಕೆಯ ಒಂದು ಬಹುಶಿಸ್ತೀಯ ಅಧ್ಯಯನ

ಸಾರಲೇಖ

ಪ್ರಸ್ತುತ ಪ್ರಬಂಧವು ತಾಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಬೆಳಿಗ್ಗೆ ಹನ್ನೊಂದೂಕಾಲಿಗೆ ಘಟಿಸುವ ದ್ರವರೂಪೀ ಸಾಮುದಾಯಿಕ ಆಚರಣೆಯ ಆರ್ಥಿಕ ಆಯಾಮಗಳನ್ನು ಸಮಾಜೋ-ಪಾನೀಯ ನೆಲೆಯಲ್ಲಿ ಮುಖಾಮುಖಿಯಾಗಿಸುವ, ತನ್ಮೂಲಕ ಲೋಟದ ಒಳಗನ್ನೂ ಹೊರಗನ್ನೂ ಏಕಕಾಲಕ್ಕೆ ಸಮಸ್ಯಾತ್ಮಕಗೊಳಿಸುವ ಒಂದು ವಿನಮ್ರ ಪ್ರಯತ್ನ. ಅಂದರೆ, ಟೀ ದುಡ್ಡು ಯಾರು ಎಷ್ಟು ಕೊಡಬೇಕು ಎಂಬ ಜಗಳ.

ಕೀಲಿಪದಗಳು: ಟೀ, ದುಡ್ಡು, ಜಗಳ, ಅಂತರ್‌ಶಿಸ್ತೀಯತೆ. ಕೊನೆಯದನ್ನು ಸೇರಿಸದಿದ್ದರೆ ಪ್ರಬಂಧವನ್ನು ಯಾರೂ ಮುಟ್ಟುವುದಿಲ್ಲ ಎಂದು ಹಿರಿಯರು ಹೇಳಿದ್ದರಿಂದ ಸೇರಿಸಿದೆ.

ಅಧ್ಯಯನದ ಅಗತ್ಯ

ನಮ್ಮ ಕಾಲೇಜಿಗೆ ಮಾನ್ಯತೆ ಕೊಡುವ ತಂಡ ಬರುವುದಿತ್ತು. ಏಳು ಮಾನದಂಡಗಳ ಕಡತ ತುಂಬಿಸಲು ಆರು ತಿಂಗಳು ಪಾಠ ಬದಿಗಿಟ್ಟು ಕೂತೆವು. ಏಳನೆಯ ಮಾನದಂಡದಲ್ಲಿ ಸಂಸ್ಥೆಯ ಎರಡು 'ಉತ್ತಮ ಆಚರಣೆ'ಗಳನ್ನು ತೋರಿಸಬೇಕಿತ್ತು. ಒಂದನೆಯದಕ್ಕೆ ಎಲ್ಲರಂತೆ ಗಿಡ ನೆಡುವುದು ಎಂದು ಬರೆದೆವು. ಆ ಗಿಡಗಳು ಬದುಕಿದ್ದರೆ ಕರ್ನಾಟಕದ ಕಾಲೇಜುಗಳನ್ನು ಹುಡುಕಲು ಅರಣ್ಯ ಇಲಾಖೆಯ ಪರವಾನಗಿ ಬೇಕಾಗುತ್ತಿತ್ತು. ಎರಡನೆಯದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. "ಟೀ ಫಂಡ್ ಹಾಕ್ಬಿಡಿ ಸಾರ್, ಅದೊಂದು ನಿಲ್ದೆ ನಡ್ಕೊಂಡು ಬಂದಿದೆ" ಎಂದರು ಪ್ರಿನ್ಸಿಪಾಲರು.

ಹಾಕಿದೆವು. ಆದರೆ ಪುರಾವೆ? ಫೋಟೋ ಬೇಕು, ಅದು ಜಿಯೋಟ್ಯಾಗ್ ಆಗಿರಬೇಕು. ಹದಿನೆಂಟು ಜನ ಖಾಲಿ ಲೋಟ ಹಿಡಿದು ನಗುತ್ತ ನಿಂತೆವು. ಹಾಲು ಅವತ್ತು ಒಡೆದಿತ್ತು. ಚಿತ್ರದ ಕೆಳಗೆ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಎಲ್ಲ ಬಂತು. ಭೂಮಂಡಲದ ಯಾವ ಬಿಂದುವಿನಲ್ಲಿ ನಾವು ಟೀ ಕುಡಿಯಲಿಲ್ಲ ಎಂಬುದಕ್ಕೆ ಈಗ ಉಪಗ್ರಹವೇ ಸಾಕ್ಷಿ. ಅದರ ಜೊತೆಗೆ 'ಆಚರಣೆಯ ಸಂದರ್ಭ, ಉದ್ದೇಶ, ಎದುರಿಸಿದ ಸವಾಲುಗಳು, ಯಶಸ್ಸಿನ ಪುರಾವೆ' ಎಂದು ಟಿಪ್ಪಣಿ ಬರೆಯುವ ಕೆಲಸ, ಕನ್ನಡ ಮೇಷ್ಟ್ರು ತಾನೇ, ಬರವಣಿಗೆ ಸಲೀಸು ಎಂದು ನನ್ನ ತಲೆಗೆ ಬಂತು. ಟೀ ಫಂಡಿನ ಖಜಾಂಚಿಯೂ ನಾನೇ. ವಾಣಿಜ್ಯಶಾಸ್ತ್ರದವರು ತಮಗೆ ಲೆಕ್ಕ ಇಡಲು ಬರುವುದಿಲ್ಲ ಎಂದು ಬಹಳ ಹಿಂದೆಯೇ ಕೈತೊಳೆದುಕೊಂಡಿದ್ದರು.

ಪೂರ್ವಾಧ್ಯಯನಗಳ ಸಮೀಕ್ಷೆ

ಈ ಕ್ಷೇತ್ರದಲ್ಲಿ ಸಂಶೋಧನಾ ಅಂತರ ಢಾಳಾಗಿದೆ. ಬಾಬಾಬುಡನ್ ಅವರು ಯೆಮೆನ್ ಕಡೆಯಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ಎಲ್ಲರೂ ಹೇಳುತ್ತಾರೆ. ತಂದ ಖರ್ಚನ್ನು ಯಾರು ಯಾರು ಹಂಚಿಕೊಂಡರು ಎಂಬುದನ್ನು ಒಬ್ಬರೂ ಹೇಳುವುದಿಲ್ಲ. ಆ ಬೆಟ್ಟಸಾಲಿನಿಂದ ಬಹಳ ದೂರವಿಲ್ಲದ ನಮ್ಮ ಸ್ಟಾಫ್‌ರೂಮಿನಲ್ಲಿ ಕಾಫಿ ಸಿಗುವುದು ಸೋಮವಾರ ಮತ್ತು ಗುರುವಾರ ಮಾತ್ರ. ಅದೂ ಚಿಕೋರಿ ಬೆರೆತದ್ದು. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗವಿದ್ದರೆ ಸಾಕು. ಸರಳ ಬಹುಮತ. ಉಳಿದ 49 ಭಾಗ ವಿರೋಧ ಪಕ್ಷದಂತೆ ನಾಲಗೆಯ ತುದಿಯಲ್ಲಿ ಕೂತು ಕೂಗುತ್ತಿರುತ್ತದೆ.

ಹಂಚಿಕೆಯ ತತ್ವಕ್ಕೆ ಬಂದರೆ, ಮೊದಲ ಪ್ರಾಮಾಣಿಕ ಆಚಾರ್ಯರು ಕನ್ನಡ ನೆಲದವರೇ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿದ ಕ್ಷಣದಿಂದಲೇ ಹಕ್ಕು ಎಂಬುದು ಅವನ ಪಕ್ಷ. ಬಂಗಾಳದ ಜೀಮೂತವಾಹನ 'ದಾಯಭಾಗ'ದಲ್ಲಿ ಇದನ್ನು ಒಪ್ಪುವುದಿಲ್ಲ. ಅಪ್ಪ ಸತ್ತ ಮೇಲಷ್ಟೇ ಮಗನ ಹಕ್ಕು ಎನ್ನುತ್ತಾನೆ. ಕಿಂಚಿತ್ ವ್ಯತ್ಯಾಸದೊಂದಿಗೆ ಈ ಎರಡು ಸಂಪ್ರದಾಯಗಳೂ ನಮ್ಮ ಸ್ಟಾಫ್‌ರೂಮಿನಲ್ಲಿ ಇಂದಿಗೂ ಜೀವಂತವಾಗಿವೆ.

ಮಿತಾಕ್ಷರ ಪಂಥದವರ ಪ್ರಕಾರ ಡ್ಯೂಟಿ ರಿಪೋರ್ಟ್ ಮಾಡಿಕೊಂಡ ಕ್ಷಣದಿಂದ ಟೀ ಋಣ ಅಂಟುತ್ತದೆ. ಕುಡಿದರೂ ಕೊಡಬೇಕು, ಬಿಟ್ಟರೂ ಕೊಡಬೇಕು, ರಜೆಯ ಮೇಲಿದ್ದರೂ ಕೊಡಬೇಕು. ಅದು ಜನ್ಮತಃ ಬಂದದ್ದು. ದಾಯಭಾಗದವರು ಲೋಟ ತುಟಿಗೆ ತಾಗಿದ ಮೇಲೆಯೇ ಋಣ ಎನ್ನುತ್ತಾರೆ. ತಾಗಿದ್ದನ್ನು ನೋಡಿದವರು ಯಾರು ಎಂಬ ಉಪಪ್ರಶ್ನೆಯನ್ನೂ ಎತ್ತುತ್ತಾರೆ. ಇತಿಹಾಸ ವಿಭಾಗದ ಮುಖ್ಯಸ್ಥರು ಜೀಮೂತವಾಹನನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರ ಬಾಕಿ ಹದಿನಾಲ್ಕು ತಿಂಗಳದ್ದು. ನಿವೃತ್ತಿಯ ದಿನ ಒಟ್ಟಿಗೆ ಕೊಡುತ್ತಾರಂತೆ.

ವರ್ಗೀಕರಣ

ಪಾನಕ್ರಿಯೆಯ ನೆಲೆಯಲ್ಲಿ ಬೋಧಕ ಸಮುದಾಯವನ್ನು ಹದಿಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಪೂರ್ಣಪಾಯಿ. ಲೋಟದ ಕಂಠದವರೆಗೆ ಹಾಕಿಸಿಕೊಂಡು ಕುಡಿದು, ಕೇಳಿದ ದಿನವೇ ದುಡ್ಡು ಕೊಡುವವರು. ಅಳಿವಿನಂಚಿನ ಪ್ರಭೇದ.

ಎರಡನೆಯದು ಅರ್ಧಪಾಯಿ, ಅಥವಾ ಬೈಟು ಸಂಪ್ರದಾಯದವರು. "ನಂಗೆ ಅರ್ಧ ಸಾಕು" ಎನ್ನುತ್ತ ಮೂರು ಸಲ ಅರ್ಧ ಕುಡಿಯುವವರು. ದುಡ್ಡು ಮಾತ್ರ ಒಂದೇ ಅರ್ಧದ್ದು. ಈ ಲೆಕ್ಕ ಸರಿಯಿದೆ ಎಂದು ಗಣಿತ ವಿಭಾಗ ದೃಢೀಕರಿಸಿದೆ. ಗಣಿತ ವಿಭಾಗದವರೇ ಅರ್ಧಪಾಯಿಗಳು.

ಮೂರನೆಯದು ಗುಪ್ತಪಾಯಿ. ಪಟ್ಟಿಯಲ್ಲಿ ಹೆಸರಿರುವುದಿಲ್ಲ. "ಟೀ ಬಿಟ್ಟು ಆರು ವರ್ಷ ಆಯ್ತು" ಎನ್ನುತ್ತಾರೆ. ಪೀರಿಯಡ್ ಮುಗಿಸಿ ಬಂದು ನೋಡಿದರೆ ಫ್ಲಾಸ್ಕ್ ಹಗುರ, ಅವರ ಮೀಸೆ ಒದ್ದೆ.

ನಾಲ್ಕನೆಯದು ಶರ್ಕರಾವಿಮುಖ. ತಮಗೆ ಶುಗರ್ ಇರುವುದರಿಂದ ಸಕ್ಕರೆಯ ಬಾಬ್ತು ಕಳೆಯಬೇಕೆಂದು ಲಿಖಿತ ಮನವಿ ಕೊಟ್ಟವರು. ಐದನೆಯದು ಕಾಫಿಪಂಥ, ಸೋಮವಾರ, ಗುರುವಾರ ಬಿಟ್ಟು ಉಳಿದ ದಿನ ಸೂತಕದ ಮುಖ.

ಆರನೆಯದು ಅಪಾಯಿ. ನಿಜಕ್ಕೂ ಕುಡಿಯದವರು. ಈ ಪದದೊಳಗೆ ಅಪಾಯವೊಂದು ಅವಿತಿರುವುದನ್ನು ವೈಯಾಕರಣರು ಗಮನಿಸಬೇಕು.

ಉಳಿದ ಏಳು ವರ್ಗಗಳನ್ನು ಬಿಟ್ಟುಬಿಡುತ್ತೇನೆ. ಬರೆದಿಟ್ಟಿದ್ದೆ. ಮತ್ತೆ ಓದಿದಾಗ ನನಗೇ ನಗು ಬರಲಿಲ್ಲ. ಆರನೆಯದಕ್ಕೆ ಮಾತ್ರ ಮತ್ತೆ ಬರಬೇಕಾಗುತ್ತದೆ.

ಐವತ್ತು ಮಿಲಿ ವ್ಯಾಜ್ಯ: ಒಂದು ಪ್ರಕರಣ ಅಧ್ಯಯನ

2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಹೆಚ್ಚಿಗೆ ತುಂಬಿ, ಬೆಲೆಯನ್ನು 2 ರೂಪಾಯಿ ಏರಿಸಿದರು. ಲೀಟರಿನ ಪ್ಯಾಕೆಟ್ 1050 ಮಿಲಿ ಆಯಿತು. ಖಜಾಂಚಿಯಾಗಿ ನಾನು "ಹಾಲಿನ ರೇಟು ಜಾಸ್ತಿಯಾಗಿದೆ, ಎಲ್ಲರೂ ಹತ್ತು ರೂಪಾಯಿ ಹೆಚ್ಚಿಗೆ ಕೊಡಿ" ಎಂದೆ. ಅರ್ಥಶಾಸ್ತ್ರದವರು ಎದ್ದು ನಿಂತರು. "ರೇಟು ಜಾಸ್ತಿ ಆಗಿಲ್ಲ ಸಾರ್. ಹಾಲು ಜಾಸ್ತಿ ಆಗಿದೆ. ಜಾಸ್ತಿ ಹಾಲಿಗೆ ಜಾಸ್ತಿ ದುಡ್ಡು." ಹಾಗಾದರೆ ಜಾಸ್ತಿ ಹಾಲು ಎಲ್ಲಿ ಎಂದು ರಾಜ್ಯಶಾಸ್ತ್ರದವರು ಕೇಳಿದರು. ಲೋಟ ಅಷ್ಟೇ ಇದೆ, ಟೀ ಅಷ್ಟೇ ಇದೆ. ದಿನಕ್ಕೆ 50 ಮಿಲಿಯಂತೆ ತಿಂಗಳಿಗೆ ಇಪ್ಪತ್ತನಾಲ್ಕು ದಿನ, 1200 ಮಿಲಿ. ಒಂದೂಕಾಲು ಲೀಟರಿಗೆ 50 ಮಿಲಿ ಮಾತ್ರ ಕಡಿಮೆ ಇರುವ ಈ ವಾರಸುದಾರರಿಲ್ಲದ ಹಾಲು ಎಲ್ಲಿಗೆ ಹೋಗುತ್ತಿದೆ?

ಉಪಸಮಿತಿ ರಚನೆಯಾಯಿತು. ಮೂರು ಸಭೆಗಳಾದವು. ಪ್ರತಿ ಸಭೆಯಲ್ಲೂ ಟೀ ಕುಡಿದದ್ದರಿಂದ ವಿವಾದಿತ ಹಾಲಿನ ಒಂದು ಭಾಗ ವಿಚಾರಣೆಯ ಹಂತದಲ್ಲೇ ಖರ್ಚಾಯಿತು. ಕಡೆಗೆ ಎಲ್ಲರ ಕಣ್ಣೂ ಟೀ ಮಾಡುವ ಅಕ್ಕನ ಕಡೆ ತಿರುಗಿತು. ಹದಿನೆಂಟು ಲೋಟ ಸೋಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವುದನ್ನು ಆಕೆ ಬಾಗಿಲ ಹಿಂದೆ ನಿಂತು ಕುಡಿಯುತ್ತಾಳೆ. ಈ ಹತ್ತೊಂಬತ್ತನೆಯ ಲೋಟಕ್ಕೆ ದುಡ್ಡು ಹಾಕಬೇಕೇ ಬೇಡವೇ ಎಂದು ಪಿಎಚ್.ಡಿ. ಆದವರು ನಾಲ್ಕು ಜನ ಸೇರಿ ಅರ್ಧ ಗಂಟೆ ಚರ್ಚಿಸಿದೆವು. ಆಕೆ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಬಂದವಳು. ಟೀ ಮಾಡುವುದು ಆಕೆಯ ಕೆಲಸದ ಪಟ್ಟಿಯಲ್ಲೇ ಇಲ್ಲ. ಕಸ ಗುಡಿಸುವುದು, ಗಂಟೆ ಹೊಡೆಯುವುದು ಅಷ್ಟೇ. ಈ ಅಂಶವನ್ನು ನಡಾವಳಿಯಲ್ಲಿ ದಾಖಲಿಸಲಿಲ್ಲ.

ಚಹಾಭಾರ ಸೂಚ್ಯಂಕ

ಯಶಸ್ಸಿನ ಪುರಾವೆಗೆಂದು ದತ್ತಾಂಶ ಬೇಕಿತ್ತು. ಹಳೆಯ ಟೀ ಪುಸ್ತಕಗಳನ್ನು ಬೀರುವಿನಿಂದ ತೆಗೆದೆ. ಇನ್ನೂರು ಪುಟದ ನೋಟ್‌ಬುಕ್ಕುಗಳು, ಎಲ್ಲ ನನ್ನದೇ ಕೈಬರಹ. 2021ರಲ್ಲಿ ತಲಾ 100 ರೂಪಾಯಿ. ಹದಿನೆಂಟು ಹೆಸರು. ಏಳು ಜನ ನಾವು, ಕಾಯಂ. ಹನ್ನೊಂದು ಜನ ಗೆಸ್ಟು.

ಅತಿಥಿ ಉಪನ್ಯಾಸಕ ಎಂಬುದು ಸಂಶೋಧಕರಿಗೆ ಸ್ವಾರಸ್ಯಕರ ಪದ. ತಿಥಿ ಗೊತ್ತಿಲ್ಲದೆ ಬರುವವನು ಅತಿಥಿ. ನಮ್ಮವರಿಗೆ ನೇಮಕದ ತಿಥಿಯೂ ಇಲ್ಲ, ಬಿಡುಗಡೆಯ ತಿಥಿಯೂ ಇಲ್ಲ, ಸಂಬಳದ ತಿಥಿಯಂತೂ ಇಲ್ಲವೇ ಇಲ್ಲ; ವ್ಯುತ್ಪತ್ತಿ ಇಷ್ಟು ಅಕ್ಷರಶಃ ಹೊಂದುವ ಪದ ಕನ್ನಡದಲ್ಲಿ ಅಪರೂಪ. ಮನೆಗೆ ಬಂದ ಅತಿಥಿಗೆ ಟೀ ಕೊಡುವುದು ಲೋಕರೂಢಿ. ಅತಿಥಿಯಿಂದಲೇ ತಿಂಗಳು ತಿಂಗಳು ಟೀ ದುಡ್ಡು ಎಣಿಸಿಕೊಳ್ಳುವುದು ನಮ್ಮ ಉತ್ತಮ ಆಚರಣೆ.

ಸೂಚ್ಯಂಕದ ಸೂತ್ರ ಸರಳ: ಟೀ ದುಡ್ಡನ್ನು ಸಂಬಳದಿಂದ ಭಾಗಿಸಿ ನೂರರಿಂದ ಗುಣಿಸುವುದು. ಯುಜಿಸಿ ವೇತನದಲ್ಲಿ ಸಹಾಯಕ ಪ್ರಾಧ್ಯಾಪಕನ ಆರಂಭದ ಮೂಲವೇತನ 57,700. ನೂರು ರೂಪಾಯಿ ಅದರಲ್ಲಿ ಶೇಕಡಾ 0.17. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿಸಿದರೆ ಇನ್ನೂ ಕಡಿಮೆ. 2022ರ ಜನವರಿಗೆ ಮುಂಚೆ ಅತಿಥಿ ಉಪನ್ಯಾಸಕರ ಗೌರವಧನ, ಅರ್ಹತೆ ನೋಡಿಕೊಂಡು, ತಿಂಗಳಿಗೆ 11 ಸಾವಿರ ಇಲ್ಲವೇ 13 ಸಾವಿರ. ಹನ್ನೊಂದು ಸಾವಿರದಲ್ಲಿ ನೂರು ಎಂದರೆ ಶೇಕಡಾ 0.91. ಐದೂಕಾಲು ಪಟ್ಟು. ಅದೇ ಲೋಟ, ಅದೇ ಫ್ಲಾಸ್ಕ್, ಅದೇ ಒಡೆದ ಹಾಲು. 'ಸಮಾನತೆಯ ತತ್ವದ ಮೇಲೆ ತಲಾ ಸಮಪಾಲು' ಎಂದು ಪುಸ್ತಕದ ಮೊದಲ ಪುಟದಲ್ಲಿ ನಾನೇ ದುಂಡಗೆ ಬರೆದಿದ್ದೇನೆ.

ಈಗ ಆರನೆಯ ವರ್ಗ. ಪುಸ್ತಕದಲ್ಲಿ ಒಬ್ಬರ ಹೆಸರು ಬರುತ್ತದೆ, ಹೋಗುತ್ತದೆ. ಜುಲೈನಲ್ಲಿ ಇದೆ, ಆಗಸ್ಟಿನಲ್ಲಿ ಹೊಡೆದುಹಾಕಿದೆ. ಪಕ್ಕದಲ್ಲಿ ಷರಾ: 'ಅಸಿಡಿಟಿ'. ನವೆಂಬರಿನಲ್ಲಿ ಮತ್ತೆ ಇದೆ. ಅವರು ನಮ್ಮ ವಿಭಾಗದವರೇ. ಹಳಗನ್ನಡವನ್ನು ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದರು. "ಟೀ ಕುಡಿದ್ರೆ ಎದೆ ಉರಿಯುತ್ತೆ ಸಾರ್, ಬಿಸಿನೀರು ಸಾಕು" ಎನ್ನುತ್ತಿದ್ದರು. ನಾನು ಶುಂಠಿ ಕಷಾಯ ಮಾಡಿಕೊಳ್ಳಿ ಎಂದು ಸಲಹೆ ಕೊಟ್ಟಿದ್ದೆ. ಸೂಚ್ಯಂಕಕ್ಕೆಂದು ಗೌರವಧನ ಜಮೆಯಾದ ದಿನಾಂಕಗಳನ್ನು ಆಫೀಸಿನಿಂದ ತರಿಸಿ ಪಕ್ಕದಲ್ಲಿಟ್ಟೆ. ಮೂರು ತಿಂಗಳದ್ದು ಒಟ್ಟಿಗೆ ಜಮೆಯಾದ ವಾರವೇ ಅಸಿಡಿಟಿ ವಾಸಿಯಾಗಿದೆ. ಅದಕ್ಕೂ ಹಿಂದಿನ ವರ್ಷ ತೆಗೆದು ನೋಡಿದೆ, ಹಾಗೆಯೇ ಇತ್ತು. ಇಷ್ಟು ಸ್ಪಷ್ಟವಾದ ಸಹಸಂಬಂಧ ನನ್ನ ಪಿಎಚ್.ಡಿ.ಯಲ್ಲಿ ಒಂದೂ ಇರಲಿಲ್ಲ.

2021ರ ಡಿಸೆಂಬರ್ ಪುಟ. ಆ ತಿಂಗಳು 10ರಿಂದ ರಾಜ್ಯದ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿದರು. ಸ್ಟಾಫ್‌ರೂಮಿನಲ್ಲಿ ಏಳು ಲೋಟ ಉಳಿದವು. ತಿಂಗಳ ಕೊನೆಯಲ್ಲಿ ಮಿತಾಕ್ಷರ ಮತ್ತು ದಾಯಭಾಗಗಳ ನಡುವೆ ಚರ್ಚೆಯಾಗಿ, ಮುಷ್ಕರದ ದಿನಗಳನ್ನು ಬಿಟ್ಟು ಕುಡಿದ ದಿನಗಳಿಗೆ ಮಾತ್ರ ಹಾಕುವುದು ನ್ಯಾಯ ಎಂದಾಯಿತು. ನಾವು ಎಷ್ಟು ಉದಾರಿಗಳು ಎಂದು ಅವತ್ತು ನನಗೆ ಹೆಮ್ಮೆಯೇ ಆಗಿತ್ತು. ಪುಟದಲ್ಲಿ ಲೆಕ್ಕ ಇದೆ: ಡಿಸೆಂಬರಿನ ಕೆಲಸದ ದಿನ 26. ಮುಷ್ಕರಕ್ಕೆ ಮೊದಲಿನದು ಭಾನುವಾರ ಕಳೆದು 8. ನೂರನ್ನು 26ರಿಂದ ಭಾಗಿಸಿ 8ರಿಂದ ಗುಣಿಸಿದರೆ 30 ರೂಪಾಯಿ 77 ಪೈಸೆ. ರೌಂಡ್ ಆಫ್ 31. ಹನ್ನೊಂದು ಜನರಿಂದ ಬರತಕ್ಕದ್ದು 341.

ಆ 77 ಪೈಸೆಯನ್ನು ನಾನು ಲೆಕ್ಕ ಹಾಕಿದ್ದೇನೆ. ನನ್ನ ಕೈಬರಹ. ಬೀದಿಯಲ್ಲಿ ಕೂತವರ ಹೆಸರಿನ ಮುಂದೆ ದಶಮಾಂಶ ಬಿಂದು ಇಟ್ಟು, ಅಡಿಗೆರೆ ಎಳೆದು, ಮೊತ್ತ ಕೂಡಿಸಿದ್ದೇನೆ. ನಮ್ಮ ಏಳು ಜನರಲ್ಲಿ ಒಬ್ಬನ ಒಂದು ದಿನದ ತುಟ್ಟಿಭತ್ಯೆಯಲ್ಲಿ ಆ 341 ತೀರುತ್ತಿತ್ತು. ಯಾರಿಗೂ ಹೊಳೆಯಲಿಲ್ಲ ಎಂದು ಬರೆಯಬಹುದು, ಆದರೆ ಅದು ಸುಳ್ಳು. ಇಂಗ್ಲಿಷ್ ಮೇಡಂ ಹೇಳಿದ್ದರು, "ಬಿಟ್ಬಿಡಿ ಸಾರ್, ನಾವೇ ಹಾಕೋಣ." ಪುಸ್ತಕ ತಾಳೆ ಆಗುವುದಿಲ್ಲ ಮೇಡಂ ಎಂದೆ.

ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು, 26 ಸಾವಿರದಿಂದ 32 ಸಾವಿರದವರೆಗೆ. ಜೊತೆಗೆ ವಾರಕ್ಕೆ 15 ಗಂಟೆಯ ಕಾರ್ಯಭಾರ ಎಂದಿತು. ಅರ್ಧಪಾಯಿ ಸಿದ್ಧಾಂತದ ಭಾಷೆಯಲ್ಲಿ ಹೇಳುವುದಾದರೆ, ಇಬ್ಬರು ಬೈಟು ಮಾಡಿಕೊಂಡಿದ್ದ ಪಾಠವನ್ನು ಒಂದೇ ಲೋಟಕ್ಕೆ ಸುರಿದರು. ಒಬ್ಬರಿಗೆ ಲೋಟ ತುಂಬಿತು. ಇನ್ನೊಬ್ಬರು ಎದ್ದು ಹೋಗಬೇಕಾಯಿತು. ನಮ್ಮ ವಿಭಾಗದಲ್ಲಿ ಎದ್ದು ಹೋದವರು ಅವರು. ಹೋಗುವ ದಿನ ನನ್ನ ಮೇಜಿನ ಮೇಲೆ ಹತ್ತರ ಮೂರು ನೋಟು, ಒಂದು ರೂಪಾಯಿಯ ಒಂದು ನಾಣ್ಯ ಇಟ್ಟರು. ನಾನು ಪುಸ್ತಕ ತೆಗೆದು 'ಸಂದಾಯ' ಎಂದು ಬರೆದೆ. ಬರೆದದ್ದು ಈಗಲೂ ಇದೆ, ದಿನಾಂಕ ಸಮೇತ.

ಅವರ ಸ್ಟೀಲ್ ಲೋಟ ಸ್ಟಾಫ್‌ರೂಮಿನಲ್ಲೇ ಉಳಿಯಿತು. ಅದರಲ್ಲಿ ಈಗ ಸಕ್ಕರೆ ಅಳೆಯುತ್ತೇವೆ. ಪಾತ್ರೆ ಅಂಗಡಿಯಲ್ಲಿ ಕೊರೆಸಿದ ಇನಿಷಿಯಲ್ಲು, ಹೆಸರು ತಳದಲ್ಲಿ ಸಣ್ಣ ಚುಕ್ಕಿಗಳಾಗಿವೆ. ಬೆಳಕಿಗೆ ಹಿಡಿದರೆ ಓದಬಹುದು. ಮಾನ್ಯತಾ ತಂಡ ಬರುವ ಹಿಂದಿನ ದಿನ ಪಾತ್ರೆಗಳನ್ನೆಲ್ಲ ಉಜ್ಜುತ್ತಿದ್ದ ಅಕ್ಕ ಅದನ್ನು ಎತ್ತಿ ಹಿಡಿದು, "ಇದ್ಯಾರ್ದು ಸಾ?" ಎಂದು ಕೇಳಿದಳು.

ಕಾಲೇಜಿಂದೇ ಎಂದೆ. ಸ್ಟಾಕ್ ರಿಜಿಸ್ಟರಿನಲ್ಲಿ ಅದಿಲ್ಲ.