ಪೈಲಟ್ ಅಳಿಯ: ಬಳಸುವ ವಿಧಾನ

ಪೆಟ್ಟಿಗೆಯಲ್ಲಿ ಇರುವುದು

ಹದಿನೆಂಟು ತುಂಬಿದ ಹುಡುಗ, ಒಬ್ಬ. ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಪಾಸಾದ ಅಂಕಪಟ್ಟಿ. ಅಪ್ಪನ ಹೆಸರಿನ ಎಫ್‌ಡಿ ರಸೀದಿಗಳು. ಇವುಗಳ ಸಂಖ್ಯೆ ಮನೆಯಿಂದ ಮನೆಗೆ ಬೇರೆ. ಯಾವುದಾದರೂ ಕಾಣೆಯಾಗಿದ್ದರೆ ಪೆಟ್ಟಿಗೆ ಮುಚ್ಚಿಡಿ. ಕಾಮರ್ಸ್ ಓದಿದ ಹುಡುಗ ಬಂದಿದ್ದರೆ ಗಾಬರಿ ಬೇಡ, ಓಪನ್ ಸ್ಕೂಲಿನಲ್ಲಿ ಆ ಎರಡು ವಿಷಯ ಬರೆಸಿಕೊಳ್ಳಬಹುದು.

ನಮ್ಮ ಪೆಟ್ಟಿಗೆ ತೆರೆದದ್ದು ಸೂರತ್ತಿನಲ್ಲಿ, ಭಾವನ ಉಡುಪಿ ಹೋಟೆಲಿನ ಕ್ಯಾಶ್ ಕೌಂಟರಿನ ಮುಂದೆ. 'ನಾನು ಪೈಲಟ್ ಆಗ್ತೇನೆ' ಎಂದ ಅಕ್ಕನ ಮಗ. ಅಲ್ಲಿ ಕೂತಿದ್ದ ಸೀರೆ ವ್ಯಾಪಾರಿ ಕೇಳಿದ ಒಂದೇ ಪ್ರಶ್ನೆ: 'ಕೇಟಲಾ ಥಶೆ?' ಎಷ್ಟಾಗುತ್ತದೆ ಎಂದು. ಉತ್ತರ ಹುಡುಕುವ ಕೆಲಸ ವಡೋದರಾದಲ್ಲಿ ನಿವೃತ್ತನಾಗಿ ಕೂತಿದ್ದ ಸೋದರಮಾವನ, ಅಂದರೆ ನನ್ನ ಪಾಲಿಗೆ ಬಂತು.

ಮೊದಲು ಡಾಕ್ಟರು, ಆಮೇಲೆ ಚೆಕ್ಕು

ಹಾರಾಟದ ಶಾಲೆಗೆ ಒಂದು ರೂಪಾಯಿ ಕಟ್ಟುವ ಮುನ್ನ ಹುಡುಗನನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ಮಾನ್ಯತೆಯ ಡಾಕ್ಟರ ಮುಂದೆ ನಿಲ್ಲಿಸಿ. ಮೊದಲು ಕ್ಲಾಸ್ 2 ಪರೀಕ್ಷೆ, ಬಳಿಕ ಕ್ಲಾಸ್ 1. ಕ್ಲಾಸ್ 1 ಇಲ್ಲದೆ ಕಮರ್ಷಿಯಲ್ ಲೈಸೆನ್ಸ್ ಇಲ್ಲ. ಆದರೂ ಜನ ಮೊದಲು ಫೀಜು ಕಟ್ಟಿ, ಸಮವಸ್ತ್ರ ಹೊಲಿಸಿ, ಫೋಟೋ ಹಾಕಿ, ಕೊನೆಗೆ ಇಲ್ಲಿಗೆ ಬಂದು ಎಡವುತ್ತಾರೆ.

ಆ ಮೆಡಿಕಲ್ಲಿನ ಬಣ್ಣದ ಪರೀಕ್ಷೆಯನ್ನು ಅಕ್ಕ ಮೊದಲು ಮನೆಯಲ್ಲೇ ನಡೆಸಿದಳು. ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಆ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದಳು. ಹುಡುಗ '74' ಎಂದ. ಇಣುಕಿದ ಭಾವ, 'ಅಂಕಿ ಎಲ್ಲಿದೆ?' ಎಂದರು. ಇಷ್ಟು ವರ್ಷ ಅವರು ಕೆಂಪು ಚಟ್ನಿ, ಹಸಿರು ಚಟ್ನಿಯನ್ನು ಮೂಗಿನಿಂದಲೇ ಗುರುತಿಸುತ್ತಿದ್ದರು ಎಂಬುದು ಬಯಲಾದದ್ದು ಅಂದು. ಗಾಬರಿ ಬೇಡ, ಈ ದೋಷ ಗಂಡುಮಕ್ಕಳಿಗೆ ಬರುವುದು ತಾಯಿಯ ಕಡೆಯಿಂದ ಎಂದು ಸಮಾಧಾನ ಹೇಳಿದೆ. ಹೇಳಬಾರದಿತ್ತು. ಎಲ್ಲರೂ ತಿರುಗಿ ನನ್ನನ್ನು ನೋಡಿ, ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು.

ಮೀಟರ್ ಓದುವ ಕ್ರಮ

ನೀವು ಕೊಳ್ಳುತ್ತಿರುವುದು ಲೈಸೆನ್ಸ್ ಅಲ್ಲ, ಗಂಟೆ. ಒಟ್ಟು 200 ಗಂಟೆ. ಅದರಲ್ಲಿ 100 ಗಂಟೆ ಹುಡುಗನೇ ಕಮಾಂಡಿನಲ್ಲಿರಬೇಕು. ಆ ನೂರರಲ್ಲಿ 20 ಊರಿಂದೂರಿಗೆ ಹಾರುವ ಕ್ರಾಸ್ ಕಂಟ್ರಿ. ಒಂದು ಹಾರಾಟವಂತೂ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 555 ಕಿಲೋಮೀಟರಿಗೆ, ಕಡಿಮೆಯಿರಬಾರದು. ರಾತ್ರಿ ಹಾರಾಟ 5 ಗಂಟೆ.

ಭಾರತದಲ್ಲಿ ಒಟ್ಟು ಖರ್ಚು 45ರಿಂದ 60 ಲಕ್ಷದ ಆಸುಪಾಸು. ಸುಲಭಕ್ಕೆ 50 ಎಂದಿಟ್ಟುಕೊಳ್ಳಿ. ಭಾವ ಬಿಲ್ ಪುಸ್ತಕದ ಬೆನ್ನಿಗೆ ಭಾಗಾಕಾರ ಹಾಕಿದರು: ಗಂಟೆಗೆ 25,000, ನಿಮಿಷಕ್ಕೆ 417. 'ನಾಲ್ಕು ಮಸಾಲೆ ದೋಸೆ. ಕಾಫಿ ಬೇರೆ' ಎಂದರು. ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಹಾರಾಟದ ಗಂಟೆ ಶುರುವಾಗುವುದು ಚಕ್ರ ನೆಲ ಬಿಟ್ಟಾಗ ಅಲ್ಲ, ಹಾರಲೆಂದು ವಿಮಾನ ತನ್ನ ಬಲದಿಂದ ಕದಲಿದಾಗ. ದೊಡ್ಡ ವಿಮಾನ ಇಳಿಯಲಿ ಎಂದು ರನ್‌ವೇ ಬಾಯಲ್ಲಿ ಹನ್ನೆರಡು ನಿಮಿಷ ಕಾದರೆ ಐದು ಸಾವಿರ ಹೋಯಿತು. ಆಟೋದವರ ವೇಟಿಂಗ್ ಚಾರ್ಜಿಗೆ ಜಗಳ ಆಡುವ ಭಾವ ಇದಕ್ಕೆ ಏನೂ ಅನ್ನಲಿಲ್ಲ. ಜಗಳಕ್ಕೂ ಒಂದು ಅಳತೆ ಇರುತ್ತದೆ.

ತರಬೇತಿಯ ಪುಟಾಣಿ ವಿಮಾನಗಳಲ್ಲಿ ಹಲವು ಕುಡಿಯುವ ಏವಿಯೇಷನ್ ಗ್ಯಾಸೊಲಿನ್ ಮೊದಲು ಪೂರಾ ಹೊರದೇಶದಿಂದ ಬರುತ್ತಿತ್ತು. 2022ರಿಂದ ಅದನ್ನು ನಮ್ಮ ವಡೋದರಾ ಪಕ್ಕದ ಕೊಯಲಿ ರಿಫೈನರಿಯಲ್ಲೇ ತಯಾರಿಸುತ್ತಾರೆ. ನಾನು ದುಡಿದು ನಿವೃತ್ತನಾದ ಜಾಗ. ಫೀಜು ಹೇಳುವ ಹುಡುಗಿಗೆ ಈ ವಿಷಯ ಹೇಳಿ ನೋಡಿದೆ. 'ವೆರಿ ನೈಸ್, ಅಂಕಲ್' ಎಂದಳು, ಅಂಕಿ ಅಲುಗಲಿಲ್ಲ.

ದಾರಿ ಆರಿಸುವುದು

ಮನೆ ಹತ್ತಿರದ ದಾರಿಗಳು: ವಡೋದರಾದ ಹರಣಿಯಲ್ಲಿ ಗುಜರಾತ್ ಫ್ಲೈಯಿಂಗ್ ಕ್ಲಬ್, ಅಹಮದಾಬಾದಿನ ಉತ್ತರಕ್ಕೆ ಮೆಹಸಾಣಾದ ಏರ್‌ಸ್ಟ್ರಿಪ್. ಸರ್ಕಾರಿ ದಾರಿ ಬೇಕಿದ್ದರೆ ಉತ್ತರಪ್ರದೇಶದ ಫುರ್ಸತ್‌ಗಂಜ್‌ನ ರಾಷ್ಟ್ರೀಯ ಅಕಾಡೆಮಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಊರಿನ ಅಭಿಮಾನಕ್ಕೆ ಬೆಂಗಳೂರಿನ ಜಕ್ಕೂರು ಇದೆ. ಅಮೆರಿಕ, ದಕ್ಷಿಣ ಆಫ್ರಿಕಾಗಳಲ್ಲಿ ಗಂಟೆ ಬೇಗ ತುಂಬಬಹುದು, ಆದರೆ ಮೀಟರ್ ಹೊರದೇಶದ ದುಡ್ಡಿನಲ್ಲಿ ಓಡುತ್ತದೆ, ವಾಪಸು ಬಂದ ಮೇಲೆ ಇಲ್ಲಿಯ ಲೈಸೆನ್ಸಿಗೆ ಬದಲಾಯಿಸುವ ಸರ್ಕಸ್ ಬೇರೆ. ವಿಮಾನ ಕಂಪನಿಗಳ ಕೆಡೆಟ್ ಯೋಜನೆಗೆ ಕೋಟಿ ದಾಟುವುದೂ ಉಂಟು. ನಾವು ಆ ಪುಟ ಮಡಚಿಟ್ಟೆವು.

ಶಾಲೆಗೆ ಹೋದಾಗ ಫೀಜು ಕೇಳಬೇಡಿ, ಕೇಳದೆಯೂ ಹೇಳುತ್ತಾರೆ. ಕೇಳಬೇಕಾದ್ದು: ಇಂದು ಬೆಳಿಗ್ಗೆ ಎಷ್ಟು ವಿಮಾನ ಹಾರಿದವು? ಹುಡುಗರು ಎಷ್ಟು? ಕಳೆದ ತಿಂಗಳು ಒಬ್ಬೊಬ್ಬನಿಗೆ ಸಿಕ್ಕ ಗಂಟೆ ಎಷ್ಟು? ಒಂದು ಕಡೆ (ಊರು ಹೇಳುವುದಿಲ್ಲ) ಆರು ವಿಮಾನ ಎಂದರು. ಹ್ಯಾಂಗರಿಗೆ ಹೋದರೆ ಮೂರಕ್ಕೆ ತಾಡಪಾಲು ಹೊದಿಸಿತ್ತು, ಒಂದಕ್ಕೆ ಪ್ರೊಪೆಲ್ಲರೇ ಇರಲಿಲ್ಲ, ಅದರ ನೆರಳಿನಲ್ಲಿ ನಾಯಿ ಮಲಗಿತ್ತು. ಹದಿನೆಂಟು ತಿಂಗಳ ಕೋರ್ಸು ಮೂರು ವರ್ಷವಾಗುವುದು ಹೀಗೆ. ಆ ಹೆಚ್ಚಿನ ತಿಂಗಳುಗಳ ಹಾಸ್ಟೆಲ್, ಮೆಸ್, ಸಾಲದ ಬಡ್ಡಿ ಯಾವ ಬ್ರೋಷರಿನಲ್ಲೂ ಇಲ್ಲ. ಮಳೆಗಾಲದ ಮೋಡದಲ್ಲಿ ಗಂಟೆ ಕರಗುತ್ತದೆ. ಉತ್ತರಾಯಣಕ್ಕೆ ಗುಜರಾತಿನ ಆಕಾಶವೇ ಗಾಳಿಪಟದ್ದು. ಗಾಜುಪುಡಿ ಹಚ್ಚಿದ ಸುರತಿ ಮಾಂಜಾ ಯಾರ ಲೈಸೆನ್ಸನ್ನೂ ನೋಡುವುದಿಲ್ಲ. ಹಾರದ ದಿನಗಳಲ್ಲಿ ನ್ಯಾವಿಗೇಷನ್, ಹವಾಮಾನ, ನಿಯಮಗಳ ಪತ್ರಿಕೆಗಳನ್ನು ಮುಗಿಸಿಕೊಳ್ಳಿ. ಪಾಸಿಗೆ ನೂರಕ್ಕೆ 70 ಬೇಕು.

ಸಾಲದ ವಿಷಯ ಚಿಕ್ಕದು. ಬ್ಯಾಂಕು ಶಿಕ್ಷಣ ಸಾಲವನ್ನು ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಅಡಮಾನವಿಲ್ಲದೆ ಕೊಡುತ್ತದೆ, ಅದರಾಚೆಗೆ ಮನೆ ಪತ್ರ ಕೇಳುತ್ತದೆ. ಭಾವನ ಮನೆ ಪತ್ರ ಉಡುಪಿಯಲ್ಲಿದೆ, ಅದರಲ್ಲಿ ಮೂವರು ಅಣ್ಣಂದಿರ ಸಹಿಯೂ ಇದೆ.

ಎಚ್ಚರಿಕೆ

2025ರ ಜೂನ್ 12ರ ಮಧ್ಯಾಹ್ನ ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನ ಮೇಘಾಣಿನಗರದ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ಆಮೇಲೆ ಎರಡು ತಿಂಗಳು ಅಕ್ಕ ಪೈಲಟ್ ಮಾತು ಎತ್ತಲು ಬಿಡಲಿಲ್ಲ. ಹುಡುಗನೂ ಎತ್ತಲಿಲ್ಲ. ಈ ಕೈಪಿಡಿಯಲ್ಲಿ ಅದಕ್ಕೆ ಕಲಮಿಲ್ಲ. ಚೌತಿಯ ಮರುದಿನ ಕಡುಬಿನ ಪಾತ್ರೆ ತೊಳೆಯುತ್ತ ಅವಳೇ ಕೇಳಿದಳು, 'ಕ್ಲಾಸ್ ಒನ್ ಮೆಡಿಕಲ್ ಯಾವಾಗ ಮಾರಾಯಾ?'

ಪೆಟ್ಟಿಗೆಯಲ್ಲಿ ಇಲ್ಲದ್ದು

ಆಟಿಕೆಗೆ ಬ್ಯಾಟರಿ ಬೇರೆ ಕೊಳ್ಳಬೇಕಲ್ಲ, ಹಾಗೆ. ಲೈಸೆನ್ಸ್ ಕೈಗೆ ಬಂದರೂ ಏರ್‌ಬಸ್ ಓಡಿಸಲು ಆ ಮಾದರಿಗೇ ಟೈಪ್ ರೇಟಿಂಗ್ ಬೇಕು. ಅದಕ್ಕೆ ಹತ್ತು ಲಕ್ಷದ ಮೇಲೆಯೇ ಖರ್ಚು. ಇದನ್ನು ನಾನು ಭಾವನಿಗೆ ಕೊನೆಯಲ್ಲಿ ಹೇಳಿದೆ, ಅದೂ ಅವರು ಊಟ ಮುಗಿಸಿದ ಮೇಲೆ.

'ಅಂದರೆ ಇಷ್ಟೂ ಕೊಟ್ಟು ಕಲಿತದ್ದು ಯಾವ ವಿಮಾನ?'

'ನಾಲ್ಕು ಸೀಟಿನದ್ದು, ಭಾವ.'

ಅವರು ಬಿಲ್ ಪುಸ್ತಕ ತೆಗೆದು ಇನ್ನೊಂದು ಸಾಲು ಕೂಡಿಸಿದರು, ಕೆಳಗೆ ಗೆರೆ ಎಳೆದರು, ಮೊತ್ತ ಬರೆಯಲಿಲ್ಲ. ಹಾಳೆ ಹರಿದು ಕೌಂಟರಿನ ಮೊಳೆಗೆ ಚುಚ್ಚಿದರು. ಹುಡುಗ ಮೆಡಿಕಲ್ಲಿಗೆ ಬೆಂಗಳೂರಿನ ರೈಲು ಹತ್ತಿದ ದಿನವೂ ಅದು ಅಲ್ಲೇ ಇತ್ತು, ಮೇಲೆ ಇಡ್ಲಿ, ವಡೆಯ ಬಿಲ್ಲುಗಳು.