ಬ್ರೂನೋನ ಭಾನುವಾರದ ಊಟ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಾಯಿ ಸಾಕಿದವರಿಗೆ ಈಗ ಅಂಥ ಗತ್ತಿಲ್ಲ. ಲಿಫ್ಟಿನಲ್ಲಿ ಜನ ಸರಿದು ನಿಲ್ಲುವುದು ಹಾವು ಸಾಕಿದವರಿಗೆ. ಕೇರೆಹಾವನ್ನೋ ನಾಗರವನ್ನೋ ಸಾಕಿದರೆ 1972ರ ವನ್ಯಜೀವಿ ಕಾಯ್ದೆ ಬಿಡದು. ಹಾಗಾಗಿ ನಮ್ಮ ಸರ್ಪಪ್ರಿಯರು ಆಫ್ರಿಕಾದ ಬಾಲ್ ಪೈಥಾನ್‌ಗೆ ಮನಸೋತಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಒಂದೇ ಸಲ 55 ಸಿಕ್ಕವೆಂದ ಮೇಲೆ ಗಿರಾಕಿಗಳಿಗೇನೂ ಬರವಿಲ್ಲ. ಹಾವಿಗೆ ಬ್ರೂನೋ ಎಂದು ಹೆಸರಿಟ್ಟು, ಭಾನುವಾರ ಸಂಜೆ ಗೆಳೆಯರನ್ನು ಸೇರಿಸಿ, ಗಾಜಿನ ಪೆಟ್ಟಿಗೆಯೊಳಗೆ ಜೀವಂತ ಕೋಳಿಮರಿ ಬಿಡುವುದು ಇವರ ಸಂಪ್ರದಾಯ. "ಇದು ನೇಚರ್ ಗುರೂ" ಎಂಬ ಸಮಜಾಯಿಷಿ ಜೊತೆಗೇ ಇರುತ್ತದೆ. ಆದರೆ ಮರಿಗೆ ಜೀವ ಇರಲೇಬೇಕೆಂಬ ಹಟ ಯಜಮಾನರದು. ಹಾವು ಹಾಗೆಂದು ಕೇಳಿದ್ದಿಲ್ಲ.

ಕಾಡಿನಲ್ಲಿ ಹಕ್ಕಿಗೆ ಹಾರಿಹೋಗಲು ಜಾಗವಿದೆ, ಹಸಿವಿಲ್ಲದ ಹಾವಿಗೆ ಎದ್ದುಹೋಗಲು ದಾರಿಯಿದೆ. ಮೂರಡಿ ಪೆಟ್ಟಿಗೆಯಲ್ಲಿ ಎರಡೂ ಇಲ್ಲ. ಬಾಲ್ ಪೈಥಾನ್ ಆರೋಗ್ಯವಾಗಿದ್ದೇ ತಿಂಗಳುಗಟ್ಟಲೆ ಉಪವಾಸ ಮಾಡಬಲ್ಲ ಪ್ರಾಣಿ. ಹಾಗಾಗಿ ಎಷ್ಟೋ ಭಾನುವಾರ ಬ್ರೂನೋ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡೇ ಇರುತ್ತದೆ. ಬೆಚ್ಚಗಿನ ಜಾಗ ಹುಡುಕುವ ಮರಿ ಹೀಟಿಂಗ್ ಪ್ಯಾಡಿನ ಮೇಲೆ ನಿಂತು ಚಿಂವ್‌ಗುಟ್ಟಿ, ಬೇಸರವಾಗಿ ಹಾವಿನ ಬೆನ್ನನ್ನೇ ಕುಕ್ಕಿ ನೋಡುತ್ತದೆ. "ಈಗ ನೋಡ್ರೋ, ಈಗ" ಎನ್ನುತ್ತ ಯಜಮಾನರು ಮೊಬೈಲನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾರೆ. ಮರಿಯ ಬದಲು ಇಲಿ ಬಿಟ್ಟಿದ್ದರೆ ಅದು ಹಾವನ್ನೇ ಕಚ್ಚಿ ಗಾಯ ಮಾಡೀತು. ಸತ್ತದ್ದನ್ನು ಬ್ರೂನೋ ಮೂಸುವುದಿಲ್ಲ ಎಂಬುದು ಇವರ ಮುಂದಿನ ವಾದ. ಹಾವು ನಾಲಿಗೆಯಿಂದ ವಾಸನೆ ಹಿಡಿಯುತ್ತದೆ, ತುಟಿಯಂಚಿನ ಕುಳಿಗಳಿಂದ ಶಾಖ ಗುರುತಿಸುತ್ತದೆ. ಫ್ರೀಜರಿನ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿದರೆ ಬಹುತೇಕ ಹಾವುಗಳು ನುಂಗುತ್ತವೆ. ಒಗ್ಗದ ಹಾವಿಗೆ ಒಗ್ಗಿಸಲು ತಾಳ್ಮೆ ಬೇಕು, ನಿಜ. ಅಸಲಿ ತೊಡಕು ಬೇರೆಯೇ ಇದೆ: ಫ್ರೀಜರು ಅಮ್ಮನ ಸುಪರ್ದಿಯಲ್ಲಿದೆ. ಮೊಟ್ಟೆಯೇ ಬಾರದ ಅಡುಗೆಮನೆಯಲ್ಲಿ ಹಸಿ ಬಟಾಣಿಯ ಪಕ್ಕ ಸತ್ತ ಇಲಿ ಇಡುತ್ತೇನೆಂದು ಹೇಳುವಷ್ಟು ಗಂಡೆದೆ ಹೆಬ್ಬಾವನ್ನು ಕೊರಳಿಗೆ ಸುತ್ತಿಕೊಂಡವರಿಗೂ ಇಲ್ಲ.

"ನೀವು ಚಿಕನ್ ತಿನ್ನಲ್ವಾ ಸಾರ್?" ಎಂಬ ಕೊನೆಯ ಬಾಣ ತೀರಾ ಗುರಿ ತಪ್ಪಿದ್ದಲ್ಲ. ಹಾವಿಗೆ ಚಿತ್ರಾನ್ನ ಬಡಿಸಿ ಎಂದು ಯಾರೂ ಹೇಳುತ್ತಿಲ್ಲ. ಮಾಂಸ ಬೇಕು, ಅದಕ್ಕೆ ಜೀವ ಹೋಗಲೇಬೇಕು. ಆ ಜೀವ ಹೋಗುವುದನ್ನು ಚಿಪ್ಸ್ ಮೆಲ್ಲುತ್ತ ನೋಡಬೇಕೆ ಎಂಬುದಷ್ಟೇ ತಕರಾರು. ಈ ವ್ಯತ್ಯಾಸ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೂ ಗೊತ್ತು: ಬರೀ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದರ ಬಾಯಿಗೆ ಒಡ್ಡುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮನರಂಜನೆಗೆ ಸಾಕ್ಷಿ ಹುಡುಕುವ ಕಷ್ಟ ಪೊಲೀಸರಿಗಿಲ್ಲ. ಹಿನ್ನೆಲೆ ಸಂಗೀತ ಸಮೇತ ರೀಲ್ಸನ್ನು ಯಜಮಾನರೇ ಹಾಕಿರುತ್ತಾರೆ. ಮೊದಲ ತಪ್ಪಿಗೆ ಆ ಕಾಯ್ದೆ ಬರೆದಿಟ್ಟ ದಂಡ 10 ರೂಪಾಯಿಗೆ ಕಡಿಮೆಯಿಲ್ಲ, 50ಕ್ಕೆ ಹೆಚ್ಚಿಲ್ಲ.