ತಕ್ಕಡಿಯಲ್ಲಿ ಕಪ್ಪೆ

ನಲವತ್ತೈದು ದಾಟಿದ ಗಂಡಸು ಎರಡೇ ಸೀಟಿನ ಕೆಂಪು ಕಾರು ತಂದರೆ ಕನ್ನಡ ಕೂಟದ ಊಟದ ಸಾಲಿನಲ್ಲಿ ಅದಕ್ಕೆ ಒಂದೇ ಕಾರಣ ಹುಡುಕುತ್ತಾರೆ. ನನ್ನ ಹೆಂಡತಿಯ ಎದುರಿಗೇ ಹುಡುಕಿದರು. ಅವಳು ಬಿಸಿಬೇಳೆ ಬಾತಿನ ಮೇಲೆ ಬೂಂದಿ ಉದುರಿಸುತ್ತ, "ಛೆ, ಅಷ್ಟು ಧೈರ್ಯ ಇವರಿಗೆಲ್ಲಿಂದ ಬರಬೇಕು? ಆ ಕಾರನ್ನ ನೆಲದಿಂದ ಒಂದಡಿ ಎತ್ತೋಕೇ ಎರಡು ವರ್ಷದಿಂದ ಹೆದರ್ತಿದ್ದಾರೆ" ಅಂದಳು. ನನ್ನ ಚಾರಿತ್ರ್ಯ ಉಳಿಯಿತು, ಮಾನ ಹೋಯಿತು.

ಕಾರು 1995ರ ಮಾಜ್ದಾ ಮಿಯಾಟಾ. 1989ರಲ್ಲಿ ಷಿಕಾಗೋದ ಮೋಟಾರು ಪ್ರದರ್ಶನದಲ್ಲಿ ಮೊದಲು ಮುಖ ತೋರಿಸಿದ ತಳಿ. ತೂಕ ಒಂದು ಟನ್ನಿನ ಆಸುಪಾಸು. ಇದರ ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಮುದುರಿಕೊಂಡು ಮಲಗಿರುತ್ತವೆ. ಗುಂಡಿ ಒತ್ತಿದರೆ ಗಕ್ಕನೆ ಎದ್ದು ಕೂರುತ್ತವೆ. ಮೇ ತಿಂಗಳಲ್ಲಿ ಹಾಸನದಿಂದ ಬಂದಿಳಿದ ಅಪ್ಪ ಇದನ್ನು ನೋಡಿದವರೇ "ಇದೇನೋ, ಕಪ್ಪೆ!" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕಪ್ಪೆ. ಸರ್ಕಾರಿ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸುಗಳ ಹೊಟ್ಟೆಯಡಿ ಮಲಗೆದ್ದವರು ಅವರು. ಮಗ ಮಾತ್ರ ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯುತ್ತಾನೆ, ಕಾರಿನ ಅಡಿಭಾಗವನ್ನು ಪರದೆಯ ಮೇಲಷ್ಟೇ ನೋಡಿದ್ದಾನೆ.

ಮಿಷಿಗನ್ನಿನಲ್ಲಿ ಕಾರಿನ ಅಡಿಭಾಗ ನೋಡದೆ ವಿಧಿಯಿಲ್ಲ. ಚಳಿಗಾಲ ಬಂತೆಂದರೆ ರಸ್ತೆಗೆಲ್ಲ ಉಪ್ಪು ಚೆಲ್ಲುತ್ತಾರೆ. ಉಪ್ಪಿಗೆ ಬರವೇನೂ ಇಲ್ಲ, ಡೆಟ್ರಾಯಿಟ್ ಊರಿನಡಿಯಲ್ಲೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ನಮ್ಮವರು ಅಂದದ್ದು ಮನುಷ್ಯರಿಗೆ; ಕಾರು ಎರಡನ್ನೂ ತಿಂದು ಕುಡಿದು ತುಕ್ಕಾಗುತ್ತದೆ. ಹಾಗಾಗಿ ಹಿಮ ಬೀಳುವ ಮೊದಲು ಕಪ್ಪೆಯನ್ನು ಎತ್ತಿ ನಿಲ್ಲಿಸಿ, ಹೊಟ್ಟೆ ತೊಳೆದು, ಗೇರ್‌ಬಾಕ್ಸಿನ ಎಣ್ಣೆ ಬದಲಿಸಿ, ಬಟ್ಟೆ ಹೊದಿಸಿ ಮಲಗಿಸುವುದು ಅಂತ ತೀರ್ಮಾನವಾಯಿತು. ಅಕ್ಟೋಬರಿನ ಒಂದು ಶನಿವಾರಕ್ಕೆ ಮುಹೂರ್ತ.

"ಜಾಕಿ ಎಲ್ಲಿಟ್ಟಿದ್ದೀರಿ?" ಎಂದು ನಾನು ಕೇಳಿದರೆ ಹೆಂಡತಿಗೆ ಪುನೀತ್ ಸಿನಿಮಾ ನೆನಪಾಗುತ್ತದೆ, ಅಪ್ಪನಿಗೆ ಬನಿಯನ್ನು. ನಾನು ಕೇಳಿದ್ದು ಹೈಡ್ರಾಲಿಕ್ ಜಾಕಿ. ಸಿಕ್ಕಿತು, ಆದರೆ ಕಾರಿನಡಿ ತೂರಲಿಲ್ಲ. ಸ್ಪೋರ್ಟ್ಸ್ ಕಾರಿನ ದೊಡ್ಡಸ್ತಿಕೆಯೇ ಇದು. ಅದಕ್ಕೂ ನೆಲಕ್ಕೂ ನಡುವೆ ಒಂದು ಗೇಣೂ ಜಾಗವಿಲ್ಲ. ಕಾರನ್ನು ಎತ್ತಲು ಜಾಕಿ ಬೇಕು, ಜಾಕಿ ತೂರಿಸಲು ಕಾರು ಎತ್ತಬೇಕು. ಅಪ್ಪ ಹಿತ್ತಲಿನಿಂದ ನಾಲ್ಕು ದಪ್ಪ ಹಲಗೆ ತಂದು ಗಾಲಿಗಳ ಮುಂದಿಟ್ಟು, "ಹತ್ಸು, ನಿಧಾನ" ಅಂದರು. ಹತ್ತಿಸಿದೆ. ಎರಡು ಇಂಚು ಸಿಕ್ಕಿತು. ಆ ಎರಡು ಇಂಚಿಗಾಗಿ ನಾನು ಅಂತರ್ಜಾಲದಲ್ಲಿ ಇನ್ನೂರು ಡಾಲರಿನ ಇಳಿಜಾರು ಪಟ್ಟಿಗಳನ್ನು ನೋಡಿಟ್ಟುಕೊಂಡಿದ್ದೆ ಎಂದು ಅವರಿಗೆ ಹೇಳಲಿಲ್ಲ.

ಇನ್ನು ಜಾಕಿ ಎಲ್ಲಿ ಕೊಡಬೇಕೆನ್ನುವುದು. ಬಸ್ಸಿಗಾದರೆ ಆಕ್ಸಲ್ಲು ಕಣ್ಣಿಗೆ ರಾಚುವಂತೆ ಇರುತ್ತದೆ. ಈ ಕಾರಿನ ಅಡಿ ಬಗ್ಗಿ ನೋಡಿದರೆ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ, ಹೆಚ್ಚಿನದೆಲ್ಲ ತಗಡು. ತಪ್ಪು ಕಡೆ ಎತ್ತಿದರೆ ಕಾರು ಏಳುವುದಿಲ್ಲ, ಜಾಕಿ ಒಳಗೆ ಬರುತ್ತದೆ. ಮುಂದೆ ಎಂಜಿನ್ನಿನಡಿ ಅಡ್ಡಕ್ಕೆ ಹೋದ ಉಕ್ಕಿನ ತೊಲೆಯ ನಡುಮಧ್ಯ, ಹಿಂದೆ ಡಿಫರೆನ್ಷಿಯಲ್ಲಿನ ಉಬ್ಬು, ಇವೆರಡೇ ಜಾಕಿಗೆ ಯೋಗ್ಯ. ಎತ್ತಿದ ಕಾರನ್ನು ಹೊರುವ ಸ್ಟ್ಯಾಂಡುಗಳಿಗೆ ಬಾಗಿಲ ಕೆಳಗಿನ ಅಂಚು: ಎರಡು ತಗಡು ಸೇರಿಸಿ ಬೆಸೆದ, ಮಡಚಿದ ಸೀರೆಯ ಅಂಚಿನಂತಹ ಪಟ್ಟಿ. ಅದರಲ್ಲೂ ಮುಂಗಾಲಿಯ ಹಿಂದೆ ಮತ್ತು ಹಿಂಗಾಲಿಯ ಮುಂದೆ ಗುರುತಿನ ಕಚ್ಚು ಇರುವ ಕಡೆ ಮಾತ್ರ. ಬರೀ ಕಬ್ಬಿಣದ ಮೇಲೆ ಕೂರಿಸಿದರೆ ಆ ಅಂಚು ಮೆಟ್ಟಿದ ಹಪ್ಪಳವಾಗುತ್ತದೆ.

ಇದಕ್ಕೆ ಮಿಷಿಗನ್ನಿನಲ್ಲಿ ಒಂದು ದೇಸಿ ಉಪಾಯವಿದೆ: ಐಸ್ ಹಾಕಿಯ ಪಕ್. ಮೂರಿಂಚು ಅಗಲ, ಒಂದಿಂಚು ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಪಕ್ಕದ ಮನೆಯವರು ಆಡುವುದು ಬಿಟ್ಟ ಮಗನ ನಾಲ್ಕು ಪಕ್ ಕೊಟ್ಟಿದ್ದರು. ಅಪ್ಪ ಒಂದನ್ನು ಉಗುರಿನಿಂದ ಕುಟ್ಟಿ, ಮೂಸಿ, "ಸೀದುಹೋದ ಇಡ್ಲಿ" ಎಂದು ತೀರ್ಪಿತ್ತರು. ಅದರ ನೆತ್ತಿಯ ಮೇಲೆ ಗರಗಸದಿಂದ ಒಂದು ಗೀರು ಕೊರೆದರೆ ಕಾರಿನ ಅಂಚು ಅದರಲ್ಲಿ ಕೂರುತ್ತದೆ. ಕೊರೆಯಲು ಇಪ್ಪತ್ತು ನಿಮಿಷ ಒಂದೊಂದಕ್ಕೆ. ರಬ್ಬರು ಗರಗಸವನ್ನು ಹಿಡಿದುಕೊಳ್ಳುತ್ತದೆ, ಬಿಸಿಯಾಗಿ ಘಾಟು ಬರುತ್ತದೆ, ಕಪ್ಪು ಹಿಟ್ಟು ಮೊಣಕೈವರೆಗೂ ಮೆತ್ತಿಕೊಳ್ಳುತ್ತದೆ. ನಾಲ್ಕನೆಯದರ ಹೊತ್ತಿಗೆ ನನ್ನ ಗೀರು ನೇರವಾಗಿತ್ತು. ಮೊದಲ ಮೂರನ್ನು ಅಪ್ಪ ಮತ್ತೆ ಸರಿಮಾಡಿದರು.

ನಾನು ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಜಾಕಿಯನ್ನು ಕಾರಿನ ಹಿಂದಕ್ಕೆ ತಳ್ಳಿದೆ. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೇ ಮೌಖಿಕ ಪರೀಕ್ಷೆ ಶುರುಮಾಡಿದರು.

"ಹ್ಯಾಂಡ್‌ಬ್ರೇಕು ಯಾವ ಗಾಲಿ ಹಿಡಿಯುತ್ತೆ?"

"ಹಿಂದಿಂದು."

"ಗೇರು?"

"ಅದೂ ಹಿಂದಿಂದೇ."

"ಈಗ ಎತ್ತಾ ಇರೋದು?"

ನಾನು ಮಾತಾಡದೆ ಜಾಕಿಯನ್ನು ಮುಂದಕ್ಕೆ ಎಳೆದುಕೊಂಡು ಬಂದೆ. ಹಿಂದಿನ ಗಾಲಿಗಳನ್ನು ಮೊದಲು ಎತ್ತಿದ್ದರೆ ಇಬ್ಬರು ಕಾವಲುಗಾರರೂ ಗಾಳಿಯಲ್ಲಿ ತೇಲುತ್ತಿದ್ದರು, ಕಪ್ಪೆ ಮುಂಗಾಲ ಮೇಲೆ ತೆವಳಿಕೊಂಡು ರಸ್ತೆಗಿಳಿಯುತ್ತಿತ್ತು. ಹಿಂದಿನ ಗಾಲಿಗಳ ಎರಡೂ ಬದಿಗೆ ಒತ್ತುಗೊಡಲು ಅಪ್ಪ ಕಲ್ಲು ಹುಡುಕಿಕೊಂಡು ಹೊರಟರು. ಈ ಬಡಾವಣೆಯಲ್ಲಿ ನಾಯಿಗೆ ಹೊಡೆಯಲೂ ಒಂದು ಕಲ್ಲು ಸಿಕ್ಕುವುದಿಲ್ಲ. ರಬ್ಬರಿನ ಬೆಣೆ ನನ್ನಲ್ಲಿದೆ, ಹದಿನೈದು ಡಾಲರ್ ಕೊಟ್ಟಿದ್ದೇನೆ ಎಂದೆ. "ಕಲ್ಲಿಗೆ ದುಡ್ಡು ಕೊಡೋ ದೇಶ" ಎಂದು ಅವರು ಅಮ್ಮನಿಗೆ ಹೇಳಲು ಒಂದು ಸುದ್ದಿ ಎತ್ತಿಟ್ಟುಕೊಂಡರು.

ಮುಂಭಾಗ ಎದ್ದಿತು. ಏನು ಹಗುರ! ಹಿಡಿಯನ್ನು ಒತ್ತಿದಷ್ಟು ಸಲ ಎರಡೆರಡು ಬೆರಳು ಮೇಲೆ. ಪಾಸ್ಕಲ್ ಮಹಾಶಯನನ್ನು ಪಿಯುಸಿಯಲ್ಲಿ ಬೈದದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಗಾಲಿ ಬಿಚ್ಚಲು ಹೋದರೆ ನಟ್ಟು ಬಿಚ್ಚದೆ ಗಾಲಿಯೇ ತಿರುಗತೊಡಗಿತು. ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕಿತ್ತು. ಅಪ್ಪನ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ಇಳಿಸಿದೆವು. ಸಡಿಲಿಸಿದೆವು. ಎತ್ತಿದೆವು.

ಎರಡನೇ ಸಲ ಕಾರು ಮೇಲೇರುತ್ತ ಸಣ್ಣಗೆ ಒಂದು ಪಕ್ಕಕ್ಕೆ ವಾಲಿದಂತಾಯಿತು. "ನಿಲ್ಸು!" ಡಿಪೋದ ದನಿ ಅದು, ಗ್ಯಾರೇಜಿನ ಶೀಟು ಅದುರಿತು. ಜಾಕಿಯ ತೋಳು ನೇರಕ್ಕೆ ಏಳುವುದಿಲ್ಲ, ಕಮಾನಿನಂತೆ ಬಾಗುತ್ತ ಏಳುತ್ತದೆ. ಅದಕ್ಕೇ ಜಾಕಿಯ ಕಬ್ಬಿಣದ ಪುಟ್ಟ ಚಕ್ರಗಳು ಕಾರಿನಡಿಗೆ ತಾವಾಗಿ ಉರುಳುತ್ತಿರಬೇಕು. ಉರುಳದೆ ಹೋದರೆ ಜಾಕಿಯ ತಟ್ಟೆ ಜಾರುತ್ತದೆ, ಇಲ್ಲವೇ ಕಾರನ್ನೇ ಎಳೆಯುತ್ತದೆ. ನಮ್ಮ ಜಾಕಿಯ ಒಂದು ಚಕ್ರಕ್ಕೆ ಹಳದಿ ಬಣ್ಣದ, ಎಂಟು ಗುಬಟುಗಳಿರುವ ಲೆಗೋ ತುಂಡು ಅಡ್ಡ ಸಿಕ್ಕಿತ್ತು. ಮತ್ತೆ ಇಳಿಸಿದೆವು. ನೆಲ ಗುಡಿಸಿದೆವು. ಮತ್ತೆ ಎತ್ತಿದೆವು. ಲೆಗೋಗೆ ಏನೂ ಆಗಿರಲಿಲ್ಲ.

ಸ್ಟ್ಯಾಂಡುಗಳ ವಿಷಯಕ್ಕೆ ಬಂದರೆ ನನ್ನದೂ ಸ್ವಲ್ಪ ಪಾಂಡಿತ್ಯ ಇದೆ. ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಅದರೊಳಗಿನ ವಾಷರೊಂದು ಸೋತರೆ ಎಣ್ಣೆ ಜಿನುಗುತ್ತದೆ, ಕಾರು ಸದ್ದಿಲ್ಲದೆ ಇಳಿಯುತ್ತದೆ. ಹೊರುವ ಕೆಲಸ ಸ್ಟ್ಯಾಂಡಿನದು. ಟೊಳ್ಳು ಸಿಮೆಂಟ್ ಬ್ಲಾಕಂತೂ ಕೂಡದು, ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. 2020ರಲ್ಲಿ ಈ ದೇಶದಲ್ಲಿ ಲಕ್ಷಗಟ್ಟಲೆ ಸ್ಟ್ಯಾಂಡುಗಳನ್ನು ವಾಪಸು ಕರೆಸಿಕೊಂಡರು, ಹಲ್ಲಿಗೆ ಕೊಕ್ಕೆ ಸರಿಯಾಗಿ ಕಚ್ಚುತ್ತಿರಲಿಲ್ಲವಂತೆ. ಬದಲಿಗೆ ಕೊಳ್ಳಿರೆಂದು ಜನರಿಗೆ ತೋರಿಸಿದವುಗಳಲ್ಲೂ ಕೆಲವನ್ನು ಬೆಸುಗೆ ಸರಿಯಿಲ್ಲವೆಂದು ಅದೇ ವರ್ಷ ವಾಪಸು ಕರೆದರು. ಅದನ್ನು ಓದಿದ ಮೇಲೆಯೇ ನನ್ನ ಎರಡು ವರ್ಷದ ಹೆದರಿಕೆ ಶುರುವಾದದ್ದು. ಆಮೇಲೆ ನಾನು ಕೊಂಡದ್ದು ಹಲ್ಲಿನದಲ್ಲ, ಅಡ್ಡಕ್ಕೆ ದಪ್ಪ ಕಬ್ಬಿಣದ ಗೂಟ ತೂರಿಸುವಂಥದ್ದು. ಅಪ್ಪನಿಗೆ ಇದೆಲ್ಲ ವಿವರಿಸಿದೆ. "ಗೂಟ ಕಣ್ಣಿಗೆ ಕಾಣುತ್ತೆ, ಅದಕ್ಕೇ ವಾಸಿ" ಎಂದರು, ಅಷ್ಟೇ.

ನಾಲ್ಕೂ ಮೂಲೆ ಎತ್ತುವುದು ಒಂದೇ ಏಟಿಗೆ ಆಗುವ ಕೆಲಸವಲ್ಲ. ಮುಂದೆ ಪೂರ್ತಿ ಎತ್ತಿಬಿಟ್ಟು ಆಮೇಲೆ ಹಿಂದೆ ಎತ್ತಹೋದರೆ ಮುಂದಿನ ಸ್ಟ್ಯಾಂಡುಗಳ ಮೇಲೆ ಕಾರು ಹೊರಳುತ್ತದೆ, ಅವು ಮಗ್ಗುಲಾಗುತ್ತವೆ. ಹಾಗಾಗಿ ಗೂಟವನ್ನು ಮುಂದೆ ಒಂದು ತೂತು ಏರಿಸಿ, ಹಿಂದೆ ಒಂದು ತೂತು, ಮತ್ತೆ ಮುಂದೆ ಒಂದು. ಪ್ರತಿ ಸಲವೂ ಸ್ಟ್ಯಾಂಡಿನ ನಾಲ್ಕು ಪಾದಗಳೂ ನೆಲ ಕಚ್ಚಿವೆಯೇ ಎಂದು ಮಂಡಿಯೂರಿ ನೋಡಬೇಕು. ಇತ್ತ ಕೂರಿಸಿದರೆ ಅತ್ತ ಪಕ್ ಜರುಗುತ್ತದೆ, ಅತ್ತ ಸರಿಮಾಡಿದರೆ ಇತ್ತ ಒಂದು ಪಾದ ಅಲುಗುತ್ತದೆ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆ ಎಂದು ಊರಿನಲ್ಲಿ ಬಾಯ್ತುಂಬ ಆಡುತ್ತಿದ್ದೆ. ಒಂದೇ ಕಪ್ಪೆ ಸಾಕು ಎಂದು ಅವತ್ತು ತಿಳಿಯಿತು.

ಮಧ್ಯಾಹ್ನ ಮೂರಕ್ಕೆ ಕಪ್ಪೆ ನಾಲ್ಕು ಕಾಲ ಮೇಲೆ ನಿಂತಿತು. ಬಿಚ್ಚಿದ ಗಾಲಿಗಳನ್ನು ಅಪ್ಪ ಬಾಗಿಲ ಕೆಳಗೆ ಅಡ್ಡ ಮಲಗಿಸಿದರು, ಸ್ಟ್ಯಾಂಡು ಮೋಸ ಮಾಡಿದರೆ ಕಾರು ಗಾಲಿಯ ಮೇಲೆ ಬೀಳಲಿ, ಮಗನ ಮೇಲೆ ಬೇಡ ಅಂತ. ಆಮೇಲೆ ಕಾರಿಗೆ ಸೊಂಟ ಒಡ್ಡಿ, ಸಂತೆಯಲ್ಲಿ ಎತ್ತು ನೋಡುವವರ ಹಾಗೆ, ಮುಂದೊಮ್ಮೆ ಹಿಂದೊಮ್ಮೆ ನೂಕಿದರು. ಗೋಡೆಯ ಹಾಗಿತ್ತು. "ಈಗ ಹೋಗು."

ನುಗ್ಗಿದೆ. ಮೂಗಿಗೂ ಗೇರ್‌ಬಾಕ್ಸಿಗೂ ಒಂದು ಗೇಣು ಅಂತರ. ಹಳೇ ಎಣ್ಣೆ ಹೊರಬಿಡುವ ಮೊದಲು ಹೊಸದು ತುಂಬುವ ಬಿರಡೆ ಬಿಚ್ಚಿಕೊಳ್ಳಬೇಕು. ಇಲ್ಲವಾದರೆ ಖಾಲಿಯಾದ ಗೇರ್‌ಬಾಕ್ಸ್ ಇಟ್ಟುಕೊಂಡು ಭಜನೆ ಮಾಡಬೇಕಾಗುತ್ತದೆ. ಸ್ಪ್ಯಾನರ್ ಹಾಕಿ ಎಳೆದೆ. ಜಪ್ಪಯ್ಯ ಅನ್ನಲಿಲ್ಲ. ಮೂವತ್ತು ವರ್ಷದ ಉಪ್ಪಿನ ಋಣ.

"ಅಪ್ಪಾ, ಆ ಕಬ್ಬಿಣದ ಪೈಪು ಕೊಡಿ. ಸ್ಪ್ಯಾನರಿಗೆ ಹಾಕಿ ಎಳೀತೀನಿ."

ಪೈಪು ಬರಲಿಲ್ಲ. ಬದಲಿಗೆ ಅಪ್ಪನ ಮುಖ ಬಂತು, ಅಡ್ಡಡ್ಡವಾಗಿ. "ಗಾಡಿ ಕಾಲ್ಮೇಲೆ ನಿಂತಿರುವಾಗ ಅದರ ಕೆಳಗೆ ಕುಸ್ತಿ ಆಡಬಾರದು. ಬಾ ಈಚೆ."

"ಇಷ್ಟು ಮಾಡಿದ್ದೀವಲ್ಲ..."

"ಈಚೆ ಬಾ ಅಂದೆ."

ಬಂದೆ. ಬಿರಡೆಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ವಾರ ನೆನೆಯಲು ಬಿಟ್ಟೆವು. ಮಕ್ಕಳು ಓಡಾಡುವ ಮನೆ, ಎತ್ತಿದ ಕಾರನ್ನು ಹಾಗೇ ಬಿಡುವಂತಿಲ್ಲ. ಗಾಲಿ ತೊಡಿಸಿ, ಹಿಂದೆ ಒಂದು ತೂತು, ಮುಂದೆ ಒಂದು ತೂತು, ಜಾಕಿಯ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸುತ್ತ ಇಳಿಸುವಷ್ಟರಲ್ಲಿ ಕತ್ತಲಾಗಿತ್ತು.

ರಾತ್ರಿ ಎಂಟಕ್ಕೆ, ಹಾಸನದಲ್ಲಿ ಬೆಳಗಿನ ಐದೂವರೆಗೆ, ಅಮ್ಮನ ಫೋನು. ತಂಗಿಯ ಬಾಣಂತನಕ್ಕೆಂದು ಅಲ್ಲೇ ಉಳಿದಿದ್ದಾಳೆ. ಪರದೆಯ ತುಂಬ ಕಾಫಿಯ ಹಬೆ.

"ಇವತ್ತೆಲ್ಲಾ ಅಪ್ಪ ಮಗ ಏನು ಮಾಡಿದ್ರಿ?"

"ಕಾರು ಎತ್ತಿದ್ವಿ" ಅಂದರು ಅಪ್ಪ, ಗತ್ತಿನಿಂದ.

"ಆಮೇಲೆ?"

ಅಪ್ಪ ನನ್ನ ಮುಖ ನೋಡಿದರು. ನಾನು ಆಕಾಶ ನೋಡೋಣವೆಂದರೆ ಮೇಲೆ ಸೂರಿತ್ತು.

"ಇಳಿಸಿದ್ವಿ."